ನಾಲ್ಕು ಮಂದಿಯ ಮುಂದೆ ಬರೆದ ಬ್ಲಾಗು

ಚಿತ್ತಾಪುರದ ಕೋರ್ಟಿನ ಎದುರು ಬೇವಿನ ಗಿಡದ ನೆರಳಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂಡುತ್ತಿದ್ದ ರಘೂತ್ತಮರಾಯರನ್ನು ನಮ್ಮ ಕಡೆಯ ಹಳೆಯ ಮಂದಿ ಬಲ್ಲರು. ವಾಡಿ, ಶಹಾಬಾದ, ಕಾಳಗಿಯಿಂದ ವ್ಯಾಜ್ಯ ಹೊತ್ತುಕೊಂಡು ಬಂದವರಿಗೆ ಅರ್ಜಿ ಬಡಿದು ಕೊಡುವುದು ಅವರ ಕಸುಬು. ಹಣೆಗೆ ಅಂಗಾರದ ಕರಿ ಗೆರೆ, ಮೈಮೇಲೆ ಇಸ್ತ್ರಿ ಕಾಣದ ಬಿಳಿ ಅಂಗಿ. ಮಾತು ಕಡಿಮೆ. ಗಿಡದ ಕೆಳಗೆ ಉಳಿದ ಟೈಪಿಸ್ಟರು ಹರಟೆ ಹೊಡೆದರೆ ಇವರ ಕಡೆಯಿಂದ ಕೀಲಿಗಳ ಸದ್ದಷ್ಟೇ ಬರುತ್ತಿತ್ತು.

ನನ್ನ ಹೆಸರು ಅಂಬರಾಯ. ಅದೇ ರಸ್ತೆಯಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ಸು ನನ್ನದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಓದಲು ಕಲಿತದ್ದು ಸೀಸದ ಅಕ್ಷರ ಜೋಡಿಸುತ್ತ, ಅದೂ ತಿರುವುಮುರುವಾಗಿ. ಮಾಸ್ತರರ ಬೆತ್ತ ತಿಂದು ಕಲಿತವರಿಗಿಂತ ಹೊಟ್ಟೆ ಹಸಿವಿಗೆ ಕಲಿತವನ ಅಕ್ಷರ ಗಟ್ಟಿ ಎಂಬುದು ನನ್ನ ಮಾತು, ಯಾರು ಒಪ್ಪಲಿ ಬಿಡಲಿ. ರಾಯರೂ ಹಾಗೆಯೇ ಯಂತ್ರದ ಮುಂದೆ ಕೂತು ತಾವೇ ಕಲಿತವರು. ಅದಕ್ಕೇ ನಮ್ಮಿಬ್ಬರ ಸ್ನೇಹ ಹತ್ತಿತು. ಈಗ ಅವರ ಬ್ಲಾಗಿನ ಕಥೆ ಹೇಳಬೇಕು. ಹೇಳಬೇಕಾದರೆ ಅದಕ್ಕೂ ಮೊದಲಿನ ಒಂದು ಊಟದ ಕಥೆ ಹೇಳಬೇಕು.

ತೊಂಬತ್ತೆಂಟರ ಮಳೆಗಾಲದಲ್ಲಿ ರಾಯರ ತಾಯಿ ಸೀತಾಬಾಯಿ ತೀರಿಕೊಂಡರು. ತಂಗಿ ವೃಂದಾಳನ್ನು ಚಿಂಚೋಳಿಗೆ ಕೊಟ್ಟಿದ್ದರು. ಗಂಡ ಅಭಯ ಅಲ್ಲಿ ಹೈಸ್ಕೂಲು ಮಾಸ್ತರ. ಸುದ್ದಿ ಮುಟ್ಟಿದ ಕೂಡಲೇ ಆಕೆ ಬಸ್ಸು ಹತ್ತಿದಳು. ಕಾಳಗಿಯ ಹತ್ತಿರ ಹಳ್ಳ ತುಂಬಿ ಬಸ್ಸು ಈಚೆ ದಡಕ್ಕೆ ಬರಲಿಲ್ಲ. ನೀರು ಇಳಿದು ಆಕೆ ಚಿತ್ತಾಪುರಕ್ಕೆ ಬಂದಾಗ ತಾಯಿಯ ಚಿತೆ ಆರಿತ್ತು.

ಹದಿಮೂರನೆಯ ದಿನ ವೈಕುಂಠ ಸಮಾರಾಧನೆ. ಅಂಗಳದ ತುಂಬ ಪಂಕ್ತಿ. ಬೀಗರು, ಬಿಜ್ಜರು, ಸೇಡಂ ಕಡೆಯ ಆಚಾರ್ಯರು, ಓಣಿಯವರು. ವೃಂದಾ ಹೆಂಗಸರ ಸಾಲಿನಲ್ಲಿ ಎಲೆಯ ಮುಂದೆ ಕೂತಿದ್ದಳು. ತುಪ್ಪ ಬಡಿಸುತ್ತ ಬಂದ ರಾಯರು ಆಕೆಯ ಎಲೆಯ ಹತ್ತಿರ ನಿಂತರು. ಏನು ತಲೆಗೆ ಏರಿತೋ, "ಅಮ್ಮನ ಬಾಯಿಗೆ ನೀರು ಬಿಡ್ಲಿಕ್ಕ ಬರಲಿಲ್ಲ. ಊಟಕ್ಕ ಮಾತ್ರ ಹೊತ್ತಿಗೆ ಸರಿಯಾಗಿ ಬಂದಿ ನೋಡು" ಅಂದುಬಿಟ್ಟರು. ನಾನು ಆಗ ಬಾಗಿಲ ಹೊರಗೆ ಕಟ್ಟೆಯ ಮೇಲಿದ್ದೆ. ನನಗೂ ಕೇಳಿಸಿತು. ಅಷ್ಟು ದೊಡ್ಡ ಅಂಗಳದಲ್ಲಿ ಕೇಳಿಸದವರು ಯಾರೂ ಇರಲಿಲ್ಲ.

ವೃಂದಾ ಎಲೆ ಬಿಟ್ಟು ಎದ್ದಳು. ಕೂಗಾಡಲಿಲ್ಲ.

"ಅಣ್ಣಾ, ಎಲ್ಲಾರ ಮುಂದ ಅಂದಿ. ಅಂದದ್ದು ತಪ್ಪು ಅಂತ ನಾಕು ಮಂದಿ ಮುಂದನ ಅನ್ನು. ಖೋಲಿಯೊಳಗ ಕರದು ಸಮಾಧಾನ ಮಾಡಿದ್ರ ನಡೆಯಂಗಿಲ್ಲ. ಅಲ್ಲೀ ತನಕಾ ಈ ಹೊಸ್ತಿಲ ನಾ ದಾಟಂಗಿಲ್ಲ."

ನಮ್ಮ ಕಡೆ ಇದು ಹೊಸ ಮಾತಲ್ಲ. ಮಂದಿಯ ಮುಂದೆ ಹೋದ ಮಾನ ಮಂದಿಯ ಮುಂದೆಯೇ ಬರಬೇಕು. ಪಂಚರು ಕೂತು ಬಿಡಿಸುವ ಜಗಳದಲ್ಲೂ ಅದೇ ಕಟ್ಟಳೆ. ರಾಯರಿಗೂ ಅದು ಗೊತ್ತಿತ್ತು. ಅಂದ ಮಾತು ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದು ಉಳಿದಿತ್ತು. ಆದರೆ ಅವರ ಬಾಯಿ ಅಂಥದ್ದು. ಕೆಟ್ಟ ಮಾತು ಒಮ್ಮೆ ಜಾರಿ ಬಂತು, ಒಳ್ಳೆಯ ಮಾತು ಎಷ್ಟು ಎಳೆದರೂ ಬರಲಿಲ್ಲ. ಮೂರು ಜನ ಕೂಡಿದರೆ ಅವರ ಗಂಟಲು ಕಟ್ಟುತ್ತಿತ್ತು.

ಪಂಚಮಿ ಬಂತು, ಹೋಯಿತು. ಅಣ್ಣ ಹೋಗಿ ತಂಗಿಯನ್ನು ಕರೆತರುವ ಹಬ್ಬ ಅದು. ತಂಗಿ ಹಾಲಿನಲ್ಲಿ ಹೂವು ಅದ್ದಿ ಅಣ್ಣನ ಬೆನ್ನಿಗೆ ಹಚ್ಚಿ, "ಬೆನ್ನು ತಣ್ಣಗಿರಲಿ" ಎನ್ನುತ್ತಾಳೆ. ರಾಯರು ಆ ದಿನ ಮನೆಯಲ್ಲಿ ನಿಲ್ಲದೆ ನನ್ನ ಪ್ರೆಸ್ಸಿಗೆ ಬಂದು ಕೂಡತೊಡಗಿದರು.

"ಇವತ್ತು ಹಬ್ಬ ಅಲ್ರೀ ರಾಯರ, ಮನ್ಯಾಗ ಬೆಲ್ಲದ ಉಂಡಿ ಇಲ್ಲೇನು?" ಅಂತ ಮೊದಲ ವರ್ಷ ಚೇಷ್ಟೆ ಮಾಡಿದೆ.

"ಉಂಡಿ ಅದಾವ. ಬೆನ್ನು ಸುಡ್ಲಿಕತ್ತದ" ಅಂದರು. ಮತ್ತೆ ನಾನು ಕೇಳಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಯಿತು. ಕಂಪ್ಯೂಟರು ಬಂದು ಬೇವಿನ ಗಿಡದ ಕೆಳಗಿನ ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದವು. ರಾಯರು ಹೆದರಲಿಲ್ಲ. ವಕೀಲರೊಬ್ಬರ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತರು. ಟೈಪ್‌ರೈಟರಿನ ಕೀಲಿಗಳ ಕ್ರಮದಲ್ಲಿಯೇ ಕನ್ನಡ ಮೂಡಿಸುವ ಫಾಂಟು ಅಲ್ಲಿತ್ತು. ಬೆರಳಿಗೆ ಹೊಸದೇನೂ ಕಲಿಯುವ ಪ್ರಸಂಗ ಬರಲಿಲ್ಲ.

ಬಸ್ ನಿಲ್ದಾಣದ ಹಿಂದೆ ಮುಕ್ರಮ ಎಂಬವನು ಇಂಟರ್ನೆಟ್ ಅಂಗಡಿ ತೆರೆದ. ಖಾಜಾಮಿಯಾ ದರ್ಜಿಯ ಮಗ, ನಗೆಗಾರ. ರಾಯರು ಅಲ್ಲಿಗೆ ಹೋಗಿ, ಯಾವುದೋ ಪತ್ರಿಕೆಯಲ್ಲಿ ತಾವು ಓದಿದ ಬ್ಲಾಗು ಎಂದರೇನೆಂದು ಕೇಳಿದರು.

"ಸಾಬ್, ಅದು ಗ್ವಾಡಿ ಇದ್ದಂಗ. ನೀವು ಬರದ್ರ ಹಾದಿ ಮಂದಿ ಎಲ್ಲಾ ಓದ್ತಾರ" ಅಂದ ಮುಕ್ರಮ.

"ಎಷ್ಟು ಮಂದಿ?"

"ಇಡೀ ದುನಿಯಾ."

ರಾಯರು ಅಲ್ಲಿಂದ ನೇರ ನನ್ನ ಹತ್ತಿರ ಬಂದರು. ಅವರ ಮುಖದಲ್ಲಿ ಅಂಥ ಕಳೆ ನಾನು ವರ್ಷಗಟ್ಟಲೆ ಕಂಡಿರಲಿಲ್ಲ. "ಅಂಬರಾಯಪ್ಪ, ಆಕಿ ನಾಕು ಮಂದಿ ಕೇಳಿದಳು. ಇಲ್ಲಿ ದುನಿಯಾನ ಅದ. ಬಾಯಿ ಬಿಡೋದೂ ಬ್ಯಾಡ."

ಬ್ಲಾಗಿಗೆ 'ನಾಕು ಮಂದಿ ಮುಂದೆ' ಎಂದೇ ಹೆಸರಿಟ್ಟರು. ತಮ್ಮ ಫಾಂಟನ್ನು ತಂದು ಮುಕ್ರಮನ ಎಲ್ಲ ಕಂಪ್ಯೂಟರಿಗೂ ಹಾಕಿಸಿದರು. ಬ್ಲಾಗಿನ ಟೆಂಪ್ಲೇಟು ಬಿಚ್ಚಿ, ಇಂಗ್ಲಿಷಿನ ಕಾಡಿನಲ್ಲಿ ಹಾದಿ ಹುಡುಕಿ, ಎಲ್ಲಿ ಫಾಂಟಿನ ಹೆಸರು ಬರೆದರೆ ಪರದೆಯ ಮೇಲೆ ಕನ್ನಡ ಮೂಡುತ್ತದೆಂದು ತಾವೇ ಕಂಡುಹಿಡಿದರು. ಆ ದಿನ ನಮಗೆಲ್ಲ ಚಹಾ ಕುಡಿಸಿದರು. ನನಗೂ ಹೆಮ್ಮೆಯಾಯಿತು.

ಏಕಾದಶಿಗೊಮ್ಮೆ ಬರೆಯುವುದು ಅವರ ರೂಢಿ. ಉಪವಾಸದ ದಿನ ಊಟದ ಹೊತ್ತು ಉಳಿಯುತ್ತದೆ, ಆ ಹೊತ್ತು ಬ್ಲಾಗಿಗೆ ಎನ್ನುತ್ತಿದ್ದರು. ಟೈಪ್‌ರೈಟರ್ ಬಡಿದ ಬೆರಳು ಕೀಬೋರ್ಡನ್ನೂ ಹಾಗೆಯೇ ಬಡಿಯುತ್ತಿತ್ತು.

"ಮೆಲ್ಲಕ್ರೀ ಸಾಬ್! ಅದು ನಿಮಗೇನು ಅಂದದ?" ಎಂದು ಮುಕ್ರಮ ಅಲ್ಲಿಂದ ಕೂಗುವನು.

"ಬಡೀದಿದ್ರ ಬರದಂಗ ಅನಸಂಗಿಲ್ಲಪ್ಪ."

ಆದರೆ ಬರೆದದ್ದೇನು? ತಪ್ಪಾಯಿತು ಎಂಬ ಒಂದು ಮಾತು ಬಿಟ್ಟು ಉಳಿದದ್ದೆಲ್ಲ. ಬಾಯಿಯ ಸಂಕೋಚ ಬೆರಳಿಗೂ ಇಳಿದಿತ್ತು. ಬ್ಲಾಗಿನ ಬಗ್ಗೆಯೇ ಬ್ಲಾಗಿನಲ್ಲಿ ಬರೆಯುತ್ತ ಹೋದರು. ಮುಕ್ರಮನ ಅಂಗಡಿಯಲ್ಲಿ ಕೂತು ನಾನು ಓದುತ್ತಿದ್ದೆ. ಕೆಲವು ಈಗಲೂ ಬಾಯಿಪಾಠ ಇವೆ.

'ಕರಡು ಎಂಬ ಗುಂಡಿ ಇದೆ. ಒತ್ತಿದರೆ ಬರೆದದ್ದು ಯಾರಿಗೂ ಕಾಣದ ಹಾಗೆ ಒಳಗೆ ಉಳಿಯುತ್ತದೆ. ಪ್ರಕಟಿಸು ಎಂಬುದು ಅದರ ಪಕ್ಕದಲ್ಲಿಯೇ ಇದೆ. ಎರಡರ ನಡುವೆ ಒಂದು ಬೆರಳಿನ ಅಂತರ. ಆ ಅಂತರ ದಾಟಲು ಕೆಲವರಿಗೆ ಒಂದು ಕ್ಷಣ ಸಾಕು. ಕೆಲವರಿಗೆ ಆಯುಷ್ಯ ಸಾಲದು.'

ಇನ್ನೊಮ್ಮೆ: 'ಕರೆಂಟು ಹೇಳಿ ಹೋಗುವುದಿಲ್ಲ. ಆದ್ದರಿಂದ ನಾಲ್ಕು ಸಾಲಿಗೊಮ್ಮೆ ಉಳಿಸು ಎಂಬುದನ್ನು ಒತ್ತುವುದು ನನ್ನ ಚಟ. ನಿನ್ನೆ ಮರೆತೆ. ಅರ್ಧ ತಾಸಿನ ಬರಹ ಹೋಯಿತು. ತಿರುಗಿ ಬರೆಯಲು ಕೂತರೆ ಅದೇ ಮಾತು ಅದೇ ಬಿಸಿಯಲ್ಲಿ ಬರಲಿಲ್ಲ. ನುಚ್ಚು ಆರಿದ ಮೇಲೆ ಕಾಸಿದ ಹಾಗೆ.'

ಮತ್ತೊಂದು: 'ಪುಸ್ತಕದಲ್ಲಿ ಮೊದಲು ಬರೆದದ್ದು ಮೊದಲು ಸಿಗುತ್ತದೆ. ಬ್ಲಾಗಿನಲ್ಲಿ ಕಡೆಗೆ ಬರೆದದ್ದು ಎಲ್ಲಕ್ಕಿಂತ ಮೇಲೆ ಕೂಡುತ್ತದೆ. ಹಳೆಯದು ಅಡಿಗೆ ಬೀಳುತ್ತದೆ, ನೆಲದಡಿಯ ಹಗೇವಿನೊಳಗಿನ ಜೋಳದ ಹಾಗೆ. ಬಂದವರು ಮೇಲಿನದನ್ನು ನೋಡಿ ಹೋಗುತ್ತಾರೆ. ಅಡಿಗೆ ಕೈ ಹಾಕುವವರು ಮನೆಯವರೇ ಇರಬೇಕು.'

ಇಂಥವು ಹತ್ತಾರು ಆದ ಮೇಲೆ, ಒಂದು ಏಕಾದಶಿ ಅವರು ಕುರ್ಚಿಯಿಂದ ಏಳದೆ ಕೂತಿದ್ದು ಕಂಡು ಹತ್ತಿರ ಹೋದೆ. ಪರದೆಯ ಮೇಲೆ ಇಷ್ಟೇ ಇತ್ತು:

'ನನ್ನ ತಂಗಿ ವೃಂದಾ ತಾಯಿಯ ಮುಖ ನೋಡಲು ಬರಲಿಲ್ಲವೆಂದು ಪಂಕ್ತಿಯಲ್ಲಿ ಎಲ್ಲರ ಮುಂದೆ ಅಂದೆ. ಹಳ್ಳ ತುಂಬಿದ್ದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅಂದೆ. ತಾಯಿ ಹೋದ ಸಂಕಟವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಸಣ್ಣವಳ ತಲೆಯ ಮೇಲೆ ಇಳಿಸಿದೆ. ಹಸಿದವಳನ್ನು ಎಲೆಯಿಂದ ಎಬ್ಬಿಸಿದೆ. ತಪ್ಪು ನನ್ನದು. ಇದನ್ನು ಓದಿದವರೆಲ್ಲ ಸಾಕ್ಷಿ. ವೃಂದಾ, ಬಾ.'

"ಒತ್ರೀ ರಾಯರ" ಅಂದೆ.

"ಕರಡು ಒತ್ತಲೇನೋ?"

"ಪ್ರಕಟಿಸು ಒತ್ರೀ."

ಒತ್ತಿದರು.

ಚಿಂಚೋಳಿ ಬಸ್ಸಿನ ಕಂಡಕ್ಟರ ಬಾಬುಮಿಯಾ ನಮಗೆ ಬೇಕಾದವನು. ಬ್ಲಾಗಿನ ವಿಳಾಸವನ್ನು ಚೀಟಿಯಲ್ಲಿ ಬರೆದು ಅವನ ಕೈಗೆ ಕೊಟ್ಟು, ತಂಗಿಗೆ ಮುಟ್ಟಿಸಲು ಹೇಳಿದರು. ಚಿಂಚೋಳಿಯಲ್ಲೂ ಅಷ್ಟು ಹೊತ್ತಿಗೆ ಕಂಪ್ಯೂಟರ್ ಸೆಂಟರ್ ಆಗಿತ್ತು.

ನಾಲ್ಕು ದಿನದ ಮೇಲೆ ಬಾಬುಮಿಯಾ ಬಂದು, "ಕೊಟ್ಟೀನ್ರೀ. 'ನಮ್ಮಣ್ಣ ಕಂಪ್ಯೂಟರದಾಗ ಬರ್ದಾನ?' ಅಂದ್ರು. ಮುಖಾ ಅರಳ್ತು ನೋಡ್ರಿ" ಅಂದ.

ರಾಯರು ಆ ವರ್ಷದ ಪಂಚಮಿಗೆ ಕಾದರು. ವೃಂದಾ ಬರಲಿಲ್ಲ, ಫೋನೂ ಮಾಡಲಿಲ್ಲ. ಮುಂದಿನ ಏಕಾದಶಿಯಿಂದ ಮತ್ತೆ ಬರೆದರು. ಬ್ಲಾಗಿಗೆ ಎಷ್ಟು ಮಂದಿ ಬಂದರೆಂದು ತೋರಿಸುವ ಅಂಕಿ ಒಂದು ಮೂಲೆಯಲ್ಲಿತ್ತು. ಅದು ಏರಿದಾಗಲೆಲ್ಲ "ನೋಡು, ಬಂದು ಓದಿ ಹೋಗ್ಯಾಳ" ಎನ್ನುವರು. ಆ ಅಂಕಿ ತಾವು ತೆರೆದಾಗಲೂ ಏರುತ್ತದೆಂದು ಮುಕ್ರಮ ಹೇಳಲಿಲ್ಲ. ಯಾಕೆ ಹೇಳಿಯಾನು? ಒಮ್ಮೆ ಯಾರೋ ಪರದೇಶದವರು ಇಂಗ್ಲಿಷಿನಲ್ಲಿ 'ಬಹಳ ಉತ್ತಮ ಮಾಹಿತಿ, ನಮ್ಮ ಔಷಧಿ ಅಂಗಡಿಗೆ ಭೇಟಿ ಕೊಡಿ' ಎಂದು ಕಮೆಂಟು ಹಾಕಿದ್ದರು. ರಾಯರು ಅದಕ್ಕೂ ಮರ್ಯಾದೆಯಿಂದ, ಸದ್ಯ ಆರೋಗ್ಯವಾಗಿದ್ದೇನೆಂದು ಉತ್ತರ ಬರೆದರು. ಮುಕ್ರಮ ಹೊಟ್ಟೆ ಹಿಡಿದು ನಕ್ಕ.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಮುಕ್ರಮನ ಕಂಪ್ಯೂಟರುಗಳಿಗೆ ವೈರಸ್ಸು ಬಡಿಯಿತು. ಅವನು ಎಲ್ಲವನ್ನೂ ಒರೆಸಿ ಹೊಸದಾಗಿ ಕೂಡಿಸಿದ. ರಾಯರು ಬಂದು ಬ್ಲಾಗು ತೆರೆದರೆ ಕನ್ನಡ ಇಲ್ಲ. ಸಾಲಿಗೆ ಸಾಲು ಇಂಗ್ಲಿಷಿನಂಥ ತುಂಡು ಅಕ್ಷರ, ತಲೆಯ ಮೇಲೆ ಚುಕ್ಕಿ, ಹೊಟ್ಟೆಯಲ್ಲಿ ಗೀರು. ಓದಿದರೆ ಮಂತ್ರವೂ ಅಲ್ಲ, ಬೈಗುಳವೂ ಅಲ್ಲ.

"ಮುಕ್ರಮ, ಯಾರೋ ಬ್ಲಾಗು ಕೆಡಿಸ್ಯಾರ!"

ಮುಕ್ರಮ ಬಂದು ನೋಡಿದ. ಮೊದಲು ನಕ್ಕ, ಆಮೇಲೆ ನಗು ನಿಂತಿತು.

"ಕೆಟ್ಟಿಲ್ಲ ಸಾಬ್. ನಿಮ್ಮ ಫಾಂಟ್ ಹೋಗ್ಯದ. ತಿರುಗಿ ಹಾಕಿದ್ರ ಕಾಣ್ತದ."

"ಅಂದ್ರ ಫಾಂಟ್ ಇಲ್ಲದ ಕಂಪ್ಯೂಟರದಾಗ?"

"ಹಿಂಗ ಕಾಣ್ತದ."

"ಬ್ಯಾರೆ ಊರಾಗ?"

ಮುಕ್ರಮ ನನ್ನ ಮುಖ ನೋಡಿದ.

"ಚಿಂಚೋಳ್ಯಾಗ?" ರಾಯರು ಮತ್ತೆ ಕೇಳಿದರು.

"ಸಾಬ್, ನಿಮ್ಮ ಬರಹ ಕನ್ನಡ ಆಗಿ ಕಾಣಿಸ್ತಿದ್ದದ್ದು ನನ್ನ ಅಂಗಡ್ಯಾಗ ಅಷ್ಟೇ."

ನಾವು ಕಾಗದದ ಮಂದಿ. ನನ್ನ ಪ್ರೆಸ್ಸಿನ ಪತ್ರಿಕೆ ಐನಾಪುರಕ್ಕೆ ಹೋದರೂ ಅದೇ ಅಕ್ಷರ, ಮುಂಬೈಗೆ ಹೋದರೂ ಅದೇ ಅಕ್ಷರ. ಇಲ್ಲಿ ಮೂಡಿದ್ದು ಅಲ್ಲಿ ಅಳಿಯುವ ಬರಹವೊಂದು ಇದ್ದೀತೆಂದು ನಮ್ಮ ಕನಸಿನಲ್ಲೂ ಬಂದಿರಲಿಲ್ಲ. ದುನಿಯಾದ ಮುಂದೆ ಬರೆದೆನೆಂದು ತಿಳಿದ ಮನುಷ್ಯ ನಾಲ್ಕು ಕುರ್ಚಿಯ ಅಂಗಡಿಯ ಗೋಡೆಗೆ ಬರೆದಿದ್ದ.

ಎಲ್ಲ ಕಂಪ್ಯೂಟರಿನಲ್ಲೂ ಕಾಣುವ ಕನ್ನಡ ಬೇರೆ ಬಂದಿತ್ತು. ಯೂನಿಕೋಡ್ ಎಂದು ಅದರ ಹೆಸರು. ಹಳೆಯದನ್ನು ಅದಕ್ಕೆ ತಿರುಗಿಸುವ ಸಾಧನವನ್ನೂ ಮುಕ್ರಮ ತೋರಿಸಿದ. ಅದು ಅಲ್ಲಲ್ಲಿ ಅಕ್ಷರ ನುಂಗಿತು. ರಾಯರು ತಲೆ ಅಲ್ಲಾಡಿಸಿ, ಎಲ್ಲವನ್ನೂ ಕೈಯಿಂದಲೇ ಹೊಸದಾಗಿ ಬಡಿಯುತ್ತೇನೆಂದು ಕೂತರು. ಮುಕ್ರಮನಿಗೆ ಗೊತ್ತಿದ್ದ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸಬೇಕಿತ್ತು. ಮೂವತ್ತು ವರ್ಷ ಒಂದೇ ಹಾದಿ ತುಳಿದ ಎತ್ತನ್ನು ಬೇರೆ ಹಾದಿಗೆ ಹಚ್ಚಿದ ಹಾಗಾಯಿತು. ಒಂದು ಬರಹಕ್ಕೆ ವಾರ ಹಿಡಿಯತೊಡಗಿತು.

"ರಾಯರ, ತಪ್ಪಾಯ್ತು ಅಂತ ಬರದದ್ದು ಒಂದು ಅದ ಅಲ್ಲ, ಅದನ್ನ ಮೊದಲ ಮಾಡ್ರಿ. ಇಲ್ಲಂದ್ರ ನಾಳಿ ಬಸ್ಸಿಗೆ ಚಿಂಚೋಳಿಗೆ ಹೋಗ್ರಿ" ಅಂದೆ.

"ಯಾವ ಮುಖಾ ಹೊತ್ತು ಹೋಗ್ಲಿ? ಇನ್ನೂ ನಾಕು ಮಂದಿ ಮುಂದ ಅಂದೇ ಇಲ್ಲ ನಾನು. ಮೊದಲಿಂದ ಸಾಲು ಹಿಡಿದು ಸರಿ ಮಾಡ್ತೀನಿ. ಅರಧಾ ಕೊಳಿ ಇಟ್ಟು ಅರಧಾ ತೊಳದ್ರ ಅದು ತೊಳದಂಗೇನು? ಎಲ್ಲಾ ಆದಮ್ಯಾಲ ಹೋಗಿ ಕೈಹಿಡದು ತೋರಿಸ್ತೀನಿ."

ಅಡಿಯ ಬರಹದಿಂದ ಶುರು ಮಾಡಿದರು. ಕರಡಿನ ಮಾತು, ಕರೆಂಟಿನ ಮಾತು, ಎಲ್ಲ ಒಂದೊಂದಾಗಿ ಕನ್ನಡವಾದವು. ಶ್ರಾವಣ ಬಂತು, ಪಂಚಮಿ ಕಳೆಯಿತು, ಇನ್ನೂ ಅರ್ಧದಲ್ಲಿದ್ದರು. ದಸರೆಗೆ ತಪ್ಪೊಪ್ಪಿಗೆಯ ಹತ್ತಿರ ಬಂದಿದ್ದರು.

ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ನನ್ನ ಪ್ರೆಸ್ಸಿನ ಫೋನು ಬಡಿಯಿತು. ಆ ಕಡೆ ಅಭಯ ಮಾಸ್ತರರು. ವೃಂದಾಳಿಗೆ ಎದೆನೋವು ಬಂದಿತ್ತು. ಕಲಬುರಗಿಗೆ ಒಯ್ಯುವ ಹಾದಿಯಲ್ಲಿ ಜೀವ ಹೋಗಿತ್ತು. ಹೇಳಲು ಮುಕ್ರಮನ ಅಂಗಡಿಗೆ ಹೋದೆ. ರಾಯರು ಎಡಗೈಯಲ್ಲಿ ಕನ್ನಡಕ ಏರಿಸುತ್ತ ಒಂದೊಂದೇ ಅಕ್ಷರ ಹುಡುಕುತ್ತಿದ್ದರು. "ಚಿಂಚೋಳಿಯಿಂದ ಫೋನ್ ಬಂದಿತ್ರೀ" ಅಂದೆ. ನನ್ನ ಮುಖ ನೋಡಿ ಕೈ ತೆಗೆದರು.

"ವೃಂದಾನ?" ಅಂದರು. ಎದ್ದು ಬರುವಾಗಲೂ ರೂಢಿಯಂತೆ 'ಉಳಿಸು' ಒತ್ತಿದರು.

ಬಾಬುಮಿಯಾನ ಬಸ್ಸಿನಲ್ಲಿಯೇ ಹೋದೆವು. ಅವನು ನಮ್ಮ ಟಿಕೀಟು ಹರಿಯಲು ಬಂದು, ರಾಯರ ಹೆಗಲ ಮೇಲೆ ಕೈ ಇಟ್ಟು ಮುಂದೆ ಹೋದ.

ಮನೆಯ ಮುಂದೆ ಮಂದಿ ಕೂಡಿದ್ದರು. ಅಭಯ ಮಾಸ್ತರರು ಬಾಗಿಲು ಮುಚ್ಚುತ್ತಾರೇನೋ ಎಂದು ನನಗೆ ಅಂಜಿಕೆ ಇತ್ತು. ಅವರು ಎದ್ದು ಬಂದು, "ಬರ್ರಿ, ಕುಂದ್ರಿ" ಅಂದರು. ಕಾರ್ಯ ಮುಗಿದ ಮೇಲೆ ಪಡಸಾಲೆಯಲ್ಲಿ ಕೂತಾಗ ರಾಯರು ತಾವಾಗಿ ಬಾಯಿ ಬಿಟ್ಟರು. ಫಾಂಟಿನ ಕಥೆ, ಕಾಣದೆ ಹೋದ ಕಥೆ, ತಿರುಗಿ ಬಡಿಯುತ್ತಿರುವ ಕಥೆ, ಎಲ್ಲ ತೊದಲುತ್ತ ಹೇಳಿದರು. ಓಣಿಯವರು, ಬೀಗರು ಎಲ್ಲ ಕೇಳುತ್ತಿದ್ದರು. ಗಂಟಲು ಕಟ್ಟುವುದು ಆ ದಿನ ಹೇಗೆ ನಿಂತಿತೋ.

ಅಭಯರು ಅಂದರು, "ಆಕಿ ಸೆಂಟರಿಗೆ ಹೋಗಿದ್ದಳ್ರೀ. ಮೊದಲ ಸಲ ಹೋದಾಗ ಯಾವ್ದೋ ಭಾಷಾ ಕಂಡು ತಿರುಗಿ ಬಂದಳು. 'ಅಣ್ಣಗ ಹೇಳಬೇಕಂತಲೂ ಅದ, ನಾಕು ಮಂದಿಗೆ ತಿಳೀಬಾರದಂತಲೂ ಅದ. ಅದಕ್ಕ ಯಾರೂ ಓದಲಾರದ್ದು ಬರ್ದಾನ' ಅಂದ್ಲು. ಸಿಟ್ಟಿಲೆ ಅಲ್ಲ, ನಕ್ಕೋತ ಅಂದ್ಲು."

"ಮತ್ತ ನೋಡಲಿಲ್ಲ?" ಅಂತ ನಾನೇ ಕೇಳಿದೆ.

"ಪಂಚಮಿಗೊಮ್ಮೆ ಹೋಗ್ತಿದ್ದಳು. 'ಈ ವರ್ಷರೆ ಕನ್ನಡದಾಗ ಬರದಿದ್ದಾನು' ಅಂತ. ಈ ಸಲನೂ ಹೋದ್ಲು. ಮ್ಯಾಲಿಂದ ನೋಡಿದ್ಲಂತ. ಅದೇ ಇತ್ತಂತ."

ರಾಯರು ತಲೆ ಎತ್ತಲಿಲ್ಲ. ಆ ಪಂಚಮಿಯ ಹೊತ್ತಿಗೆ ಅಡಿಯ ಅರ್ಧ ಕನ್ನಡವಾಗಿತ್ತು. ತೆರೆದ ಕೂಡಲೇ ಕಣ್ಣಿಗೆ ಬೀಳುವ ಮೇಲಿನ ಅರ್ಧ ಹಾಗೆಯೇ ಇತ್ತು. ಆಕೆ ಒಂದಿಷ್ಟು ಕೆಳಗೆ ಸರಿಸಿದ್ದರೆ ಅಣ್ಣನ ಅಕ್ಷರ ಸಿಗುತ್ತಿತ್ತು. ಅಣ್ಣ ಒಂದಿಷ್ಟು ಕ್ರಮ ಬಿಟ್ಟು ಮೇಲಿನಿಂದ ಶುರು ಮಾಡಿದ್ದರೆ ತಂಗಿಗೆ ಕಾಣುತ್ತಿತ್ತು. ಇಬ್ಬರೂ ಒಂದೇ ಬಾವಿಯ ಎರಡು ಬದಿಯಲ್ಲಿ ಕೊಡ ಹಿಡಿದು ನಿಂತಿದ್ದರು.

ಊರಿಗೆ ತಿರುಗಿ ಬಂದವರು ಮನೆಗೂ ಹೋಗದೆ ಮುಕ್ರಮನ ಅಂಗಡಿಗೆ ಹೋದರು. ನಡುವಿನದನ್ನೆಲ್ಲ ಬಿಟ್ಟು ತಪ್ಪೊಪ್ಪಿಗೆಯನ್ನು ಬಡಿದರು. ಒಂದು ಅಕ್ಷರವನ್ನೂ ಬದಲಿಸಲಿಲ್ಲ. 'ವೃಂದಾ, ಬಾ' ಎಂಬುದನ್ನೂ ಹಾಗೆಯೇ ಇಟ್ಟರು.

"ಇದು ಈಗ ಯಾಕ ಸಾಬ್?" ಎಂದು ಮುಕ್ರಮ ಮೆಲ್ಲಗೆ ಕೇಳಿದ.

"ಸಾಲ ಇದ್ದವ ತೀರಿಸಬೇಕಪ್ಪ. ಇಸಗೊಳ್ಳೋರು ಇರಲಿ ಬಿಡಲಿ."

ಆಮೇಲೆ ಆದದ್ದನ್ನು ಹೇಗೆ ಹೇಳಲಿ. ಎಲ್ಲಿಯವರೋ ಆ ಬರಹ ಓದಿದರು, ತಮ್ಮ ಬ್ಲಾಗಿನಲ್ಲಿ ಅದರ ದಾರಿ ತೋರಿಸಿದರು. ಮಂದಿ ಬರತೊಡಗಿದರು. ಮೈಸೂರಿನವರು, ಧಾರವಾಡದವರು, ದುಬೈಯಲ್ಲಿ ಇದ್ದವರು. 'ಇದನ್ನು ಓದಿ ನನ್ನ ಅಕ್ಕನಿಗೆ ಫೋನು ಮಾಡಿದೆ' ಅಂತ ಒಬ್ಬರು. 'ಅಣ್ಣನ ಮೇಲಿನ ಸಿಟ್ಟು ಇಳಿಯಿತು' ಅಂತ ಮತ್ತೊಬ್ಬರು. ವೃಂದಾ ಕೇಳಿದ್ದು ನಾಲ್ಕೇ ಮಂದಿ. ಅಂಗಳ ಹಿಡಿಯಲಾರದಷ್ಟು ಮಂದಿ ಬಂದು ಕೂತರು. ರಾಯರು ಒಬ್ಬೊಬ್ಬರಿಗೂ ನಿಧಾನವಾಗಿ, ಆ ಹೊಸ ಪದ್ಧತಿಯಲ್ಲಿ, ಒಂದು ಸಾಲು ಉತ್ತರ ಬರೆದರು.

ಹಾಗೆ ಬರೆಯುತ್ತಿರುವಾಗ ಗುರುತಿಲ್ಲದ ಹೆಣ್ಣುಮಗಳೊಬ್ಬಳ ಕಮೆಂಟು ಬಂತು. 'ಅಣ್ಣಾ, ಆಮೇಲೆ ನಿಮ್ಮ ತಂಗಿ ಬಂದರೇ?'

ರಾಯರು ಉತ್ತರದ ಚೌಕ ತೆರೆದರು. ಅದರೊಳಗೆ ಸಣ್ಣ ಗೆರೆ ಮಿಣುಕುತ್ತಿತ್ತು. ಮಧ್ಯಾಹ್ನದ ತನಕ ನೋಡುತ್ತ ಕೂತರು. ಬೆರಳನ್ನು ಕೀಲಿಯ ಮೇಲೆ ಇಟ್ಟರು, ತೆಗೆದರು. ಇಲ್ಲ ಎಂದು ಬರೆದರೆ ಅದು ಎಲ್ಲರ ಮುಂದೆ ಮತ್ತೊಮ್ಮೆ ಆಕೆಯ ಮೇಲೆಯೇ ಬೀಳುತ್ತದೆ, ಕರೆದರೂ ಬರಲಿಲ್ಲವೆಂಬ ಹಾಗೆ. ತೀರಿಹೋದಳೆಂದು ಬರೆದರೆ ಕರುಣೆ ತಮಗೆ ಸಿಗುತ್ತದೆ. ನನಗೆ ಹೀಗೆಂದು ಹೇಳಿ ಚೌಕ ಮುಚ್ಚಿದರು.

ಅಂದಿನಿಂದ ಅವರು ಬ್ಲಾಗಿಗೆ ಏನೂ ಬರೆದಿಲ್ಲ. ಏಕಾದಶಿಯಂದು ಪ್ರೆಸ್ಸಿಗೆ ಬಂದು ನನ್ನ ಲಗ್ನಪತ್ರಿಕೆಗಳ ಕರಡು ತಿದ್ದುತ್ತಾರೆ. ಆ ಹೆಣ್ಣುಮಗಳ ಪ್ರಶ್ನೆಯ ಕೆಳಗೆ ಜಾಗ ಖಾಲಿಯಿದೆ.